ಈಸ್ಕಿಲಸನ ಸಮಾಧಿಲೇಖ

ಸಿಸಿಲಿ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಗೆಲ ಎಂಬ ಊರುಂಟು. ಪೂರ್ವಕಾಲದಲ್ಲಿ ಅದು ಗೋದಿಯ ಬೆಳೆಗೆ ಹೆಸರಾಗಿದ್ದ ಗ್ರೀಕರ ವಸಾಹತು. ಕ್ರಿ. ಪೂ. ೪೫೬ರ ಸುಮಾರಿನಲ್ಲಿ ಅಥೆನ್ಸಿನ ವೃದ್ಧ ಕವಿಯೊಬ್ಬನು ಅಲ್ಲಿ ತೀರಿಕೊಂಡನು. ಅವನ ಗೋರಿಯ ಮೇಲೆ ಕೆತ್ತಿದ್ದುದೆಂದು ಹೇಳುವ ನಾಲ್ಕು ಸಾಲಿನ ಪದ್ಯವೊಂದು ಇಂದಿಗೂ ಉಳಿದುಬಂದಿದೆ. ಸಾಯುವುದಕ್ಕೆ ಮೊದಲು ಕವಿಯು ತಾನೇ ಅದನ್ನು ರಚಿಸಿಟ್ಟನೆಂದು ಪ್ರಾಚೀನರು ನಂಬಿದ್ದರು. ಸತ್ತವನ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಮಲಗಿರುವ ಮಣ್ಣು, ಇಷ್ಟನ್ನು ಹೇಳಿದ ಮೇಲೆ ಆ ಪದ್ಯವು ಅವನ ಪರಾಕ್ರಮಕ್ಕೆ ಇಬ್ಬರು ಸಾಕ್ಷಿಗಳನ್ನು ಕರೆಯುವುದು. ಒಂದು ಸಾಕ್ಷಿ ಮ್ಯಾರಥಾನಿನ ತೋಪು; ಇನ್ನೊಂದು, ಅಲ್ಲಿ ಅವನ ಕೈಯ ಪೆಟ್ಟನ್ನು ಕಂಡು ಬಲ್ಲ, ನೀಳಗೂದಲಿನ ಪಾರಸಿಕ. ಅಲ್ಲಿಗೆ ಪದ್ಯ ಮುಗಿಯಿತು.

ಈ ಸತ್ತವನು ಈಸ್ಕಿಲಸ್. ಎಪ್ಪತ್ತಕ್ಕೂ ಮಿಕ್ಕ ನಾಟಕಗಳನ್ನು ಬರೆದು, ಹದಿಮೂರು ಸಲ ಮೊದಲನೆಯ ಬಹುಮಾನವನ್ನು ಪಡೆದು, ರುದ್ರನಾಟಕದ ಜನಕನೆಂದು ಕರೆಯಿಸಿಕೊಂಡವನು. ಅವನ ಗೋರಿಯ ಮೇಲೆ ನಾಟಕವೆಂಬ ಮಾತೇ ಇಲ್ಲ. ಗ್ರೀಕರಲ್ಲಿ ಕವಿಯಾಗಿರುವುದಕ್ಕಿಂತ ಊರಿಗಾಗಿ ಕತ್ತಿ ಹಿಡಿದುದು ದೊಡ್ಡದಾಗಿತ್ತೆಂದು ವಿದ್ವಾಂಸರು ಇದಕ್ಕೆ ಸಮಾಧಾನ ಹೇಳುವರು. ಅದು ಸರಿಯಾದ ಮಾತೇ. ಆದರೆ ಅಷ್ಟೇ ಗಮನಿಸಬೇಕಾದ ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಎತ್ತಿ ಆಡುವುದಿಲ್ಲ. ತನ್ನ ಶೌರ್ಯಕ್ಕೆ ಸಾಕ್ಷಿ ಬೇಕಾದಾಗ ಅವನು ಕರೆದದ್ದು ಜೊತೆಯಲ್ಲಿ ನಿಂತು ಹೋರಾಡಿದ ಗೆಳೆಯನನ್ನಲ್ಲ, ಎದುರು ನಿಂತಿದ್ದ ಹಗೆಯನ್ನು. ತನ್ನನ್ನು ಬಲ್ಲವನು ಅವನು ಎಂಬ ಭಾವ ಆ ಕಡೆಯ ಸಾಲಿನಲ್ಲಿ ಅಡಗಿದೆ. ಆ ಹಗೆಯನ್ನು ತಾನೂ ಬಲ್ಲೆನೆಂಬುದನ್ನು ಕವಿಯು ಹದಿನಾರು ವರ್ಷ ಮೊದಲೇ ಒಂದು ನಾಟಕದಲ್ಲಿ ತೋರಿಸಿಕೊಟ್ಟಿದ್ದನು.

ಈಸ್ಕಿಲಸನು ಕ್ರಿ. ಪೂ. ೫೨೫ರ ಸುಮಾರಿನಲ್ಲಿ ಅಥೆನ್ಸಿಗೆ ಸೇರಿದ ಎಲ್ಯೂಸಿಸ್ ಎಂಬಲ್ಲಿ ಹುಟ್ಟಿದನು. ತಂದೆ ಯೂಫೋರಿಯನ್, ಕುಲೀನ ಮನೆತನ. ಎಳೆಯತನದಲ್ಲಿ ಅವನು ಕಂಡದ್ದು ಸರ್ವಾಧಿಕಾರಿಗಳ ಆಳ್ವಿಕೆ. ಅದು ಉರುಳಿ ಊರಿನ ಜನರೇ ಸಭೆಸೇರಿ ತಮ್ಮನ್ನು ತಾವು ಆಳಿಕೊಳ್ಳಲು ಮೊದಲುಮಾಡಿದಾಗ ಅವನಿಗೆ ಹದಿನೆಂಟರ ಪ್ರಾಯ. ಮೂವತ್ತೈದನೆಯ ವರ್ಷದಲ್ಲಿ, ಎಂದರೆ ಕ್ರಿ. ಪೂ. ೪೯೦ರಲ್ಲಿ, ಪಾರಸಿಕ ಚಕ್ರವರ್ತಿ ದಾರಿಯಸನ ಸೈನ್ಯವು ಮ್ಯಾರಥಾನಿನ ತೀರದಲ್ಲಿ ಬಂದಿಳಿಯಿತು. ಈಸ್ಕಿಲಸನೂ ಅವನ ಸೋದರ ಕಿನಿಗೈರಸನೂ ಒಟ್ಟಿಗೆ ಯುದ್ಧಕ್ಕೆ ಹೋದರು. ಹಿಂದಿರುಗಿ ಬಂದವನು ಒಬ್ಬನೇ. ಸೋಲುಂಡು ತಮ್ಮ ಹಡಗುಗಳನ್ನು ಹತ್ತಿ ಓಡುತ್ತಿದ್ದ ಪಾರಸಿಕರನ್ನು ಬೆನ್ನಟ್ಟಿ ಹೋಗಿ, ಕಿನಿಗೈರಸನು ಒಂದು ಹಡಗಿನ ಹಿಂಭಾಗವನ್ನು ಕೈಯಿಂದ ಹಿಡಿದನೆಂದೂ, ಮೇಲಿನಿಂದ ಬಿದ್ದ ಕೊಡಲಿಯ ಏಟಿಗೆ ಆ ಕೈ ತುಂಡಾಗಿ ಮಡಿದನೆಂದೂ ಹೆರೊಡೋಟಸನು ಬರೆದಿದ್ದಾನೆ. ಆ ದಿನ ಸತ್ತ ಅಥೆನ್ಸಿನವರು ೧೯೨ ಮಂದಿ, ಪಾರಸಿಕರ ಕಡೆಯವರು ೬,೪೦೦ ಎಂಬುದು ಅವನ ಲೆಕ್ಕ. ಅಥೆನ್ಸಿನ ಸತ್ತವರನ್ನು ಒಟ್ಟುಗೂಡಿಸಿ ಮಾಡಿದ ಮಣ್ಣಿನ ದಿಬ್ಬವನ್ನು ಇಂದಿಗೂ ಅಲ್ಲಿ ಕಾಣಬಹುದು.

ಹತ್ತು ವರ್ಷಗಳ ಬಳಿಕ ದಾರಿಯಸನ ಮಗ ಕ್ಸರ್ಕ್ಸೀಸನು ಏಷ್ಯಕ್ಕೂ ಯೂರೋಪಿಗೂ ನಡುವಣ ಕಡಲಿನ ಮೇಲೆ ಹಡಗುಗಳ ಸೇತುವೆಯನ್ನು ಕಟ್ಟಿಸಿ, ಲೆಕ್ಕವಿಲ್ಲದ ದಂಡನ್ನು ಕರೆದುಕೊಂಡು ಬಂದನು. ಅಥೆನ್ಸಿನವರು ಹೆಂಗಸರು ಮಕ್ಕಳನ್ನು ಸುತ್ತಣ ಊರುಗಳಿಗೂ ದ್ವೀಪಗಳಿಗೂ ಸಾಗಿಸಿ ಊರನ್ನು ಬಿಟ್ಟುಕೊಟ್ಟರು. ಪಾರಸಿಕರು ಊರನ್ನು ಸುಟ್ಟರು, ಅಕ್ರೊಪೊಲಿಸ್ ಬೆಟ್ಟದ ಮೇಲಿನ ದೇವಾಲಯಗಳನ್ನು ಸುಟ್ಟರು. ಕ್ರಿ. ಪೂ. ೪೮೦ರ ಆ ವರ್ಷವೇ ಸಾಲಮಿಸಿನ ಇಕ್ಕಟ್ಟಾದ ಕಡಲಲ್ಲಿ ಕ್ಸರ್ಕ್ಸೀಸನ ನೌಕಾಬಲವು ನುಚ್ಚುನೂರಾಯಿತು. ಆ ಯುದ್ಧದಲ್ಲಿಯೂ ಈಸ್ಕಿಲಸನು ಇದ್ದನೆಂದು ಅವನನ್ನು ಕಂಡು ಬಲ್ಲ ಇಯಾನ್ ಎಂಬ ಕವಿಯು ಬರೆದಿಟ್ಟಿದ್ದನು. ಸೋದರನನ್ನು ಕೊಂದವರು, ಊರನ್ನು ಸುಟ್ಟವರು, ದೇವರ ಗುಡಿಯನ್ನು ಹಾಳುಗೆಡವಿದವರು. ಇಂಥವರ ಮೇಲೆ ಒಬ್ಬ ಕವಿಗೆ ಇರಬಹುದಾದ ಭಾವನೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದುದರಿಂದಲೇ ಮುಂದೆ ಅವನು ಮಾಡಿದುದು ಅಚ್ಚರಿಯ ಕೆಲಸ.

ಆ ಕಾಲದ ಗ್ರೀಕ್ ನಾಟಕದ ವಿಚಾರವಾಗಿ ಎರಡು ಮಾತು ಹೇಳಬೇಕಾಗಿದೆ. ವಸಂತಋತುವಿನಲ್ಲಿ ನಡೆಯುತ್ತಿದ್ದ ಡಯೋನಿಸಸ್ ದೇವರ ಉತ್ಸವದಲ್ಲಿ ಮೂವರು ಕವಿಗಳು ಸ್ಪರ್ಧಿಸುವರು. ಒಬ್ಬೊಬ್ಬನು ಮೂರು ರುದ್ರನಾಟಕಗಳನ್ನೂ ಕೊನೆಗೆ ಒಂದು ವಿನೋದದ ಆಟವನ್ನೂ ಆಡಿಸುವನು. ಮೇಳದ ವೆಚ್ಚವನ್ನು ಒಬ್ಬ ಸಿರಿವಂತನು ಊರಿನ ಸೇವೆಯೆಂದು ವಹಿಸಿಕೊಳ್ಳುವನು. ಮೊದಮೊದಲು ಹಾಡುತ್ತ ಕುಣಿಯುವ ಮೇಳವೇ ಎಲ್ಲವೂ. ಅದರೊಡನೆ ಮಾತಾಡಲು ಒಬ್ಬನೇ ನಟ. ಎರಡನೆಯ ನಟನನ್ನು ತಂದವನು ಈಸ್ಕಿಲಸನೆಂದು ಅರಿಸ್ಟಾಟಲನು ಹೇಳುತ್ತಾನೆ. ಒಬ್ಬ ನಟನಿದ್ದಾಗ ಕಥೆಯನ್ನು ಹೇಳಬಹುದಾಗಿತ್ತು. ಇಬ್ಬರಾದಾಗ ಒಬ್ಬನ ನೋವನ್ನು ಇನ್ನೊಬ್ಬನು ಕೇಳುವುದನ್ನು ತೋರಿಸಬಹುದಾಯಿತು. ಲೋಕದ ನಾಟಕವೆಲ್ಲವೂ ಈ ಒಂದು ಹೆಜ್ಜೆಯಿಂದ ಬೆಳೆದು ಬಂದುದೆಂದರೆ ಅತಿಶಯವಲ್ಲ.

ಈಸ್ಕಿಲಸನಿಗಿಂತ ತುಸು ಹಿರಿಯನಾದ ಫ್ರಿನಿಕಸ್ ಎಂಬ ಕವಿಗೆ ಒದಗಿದ ಪಾಡು ಇಲ್ಲಿ ನೆನೆಯತಕ್ಕದ್ದು. ಕ್ರಿ. ಪೂ. ೪೯೪ರಲ್ಲಿ ಪಾರಸಿಕರು ಮಿಲೀಟಸ್ ಪಟ್ಟಣವನ್ನು ಹಿಡಿದು ಹಾಳುಮಾಡಿದರು. ಮಿಲೀಟಸಿನವರು ಅಥೆನ್ಸಿನವರಿಗೆ ನೆಂಟರು. ಫ್ರಿನಿಕಸನು ಆ ಪಟ್ಟಣದ ಪತನವನ್ನೇ ವಸ್ತುವಾಗಿ ಮಾಡಿಕೊಂಡು ನಾಟಕವಾಡಿಸಿದಾಗ ರಂಗಮಂದಿರವೆಲ್ಲ ಗೊಳೋ ಎಂದು ಅತ್ತಿತು. ಸ್ವಂತದ ಕಷ್ಟವನ್ನು ನೆನಪಿಗೆ ತಂದ ತಪ್ಪಿಗಾಗಿ ಸಾವಿರ ದ್ರಾಖ್ಮೆ ದಂಡ ಬಂದಿತು, ಆ ನಾಟಕವನ್ನು ಮತ್ತೆ ಯಾರೂ ಆಡಕೂಡದೆಂದು ಅಪ್ಪಣೆಯೂ ಆಯಿತು. ಅಳಿಸಿದ್ದಕ್ಕೆ ದಂಡ ತೆತ್ತ ಕವಿ ಬೇರೆ ಯಾವ ದೇಶದಲ್ಲಿಯಾದರೂ ಇದ್ದಾನೆಯೋ ಇಲ್ಲವೋ! ಮುಂದೆ ಅದೇ ಫ್ರಿನಿಕಸನು ಜಾಣನಾಗಿ, ಸಾಲಮಿಸಿನ ಜಯವನ್ನು ಕುರಿತು ಇನ್ನೊಂದು ನಾಟಕವನ್ನು ಬರೆದನು. ಅದರ ಮೊದಲಲ್ಲಿಯೇ ಅರಮನೆಯ ಸೇವಕನೊಬ್ಬನು ಆಸನಗಳನ್ನು ಅಣಿಮಾಡುತ್ತ ಪಾರಸಿಕರ ಸೋಲನ್ನು ಹೇಳಿಬಿಡುವನಂತೆ.

ಈಸ್ಕಿಲಸನ ‘ಪಾರಸಿಕರು’ ಕ್ರಿ. ಪೂ. ೪೭೨ರಲ್ಲಿ ರಂಗಕ್ಕೆ ಬಂದಿತು. ಮೇಳದ ವೆಚ್ಚವನ್ನು ವಹಿಸಿದವನು, ಆಗಿನ್ನೂ ಇಪ್ಪತ್ತರ ಆಚೀಚಿನ ತರುಣನಾದ ಪೆರಿಕ್ಲೀಸ್. ನೋಡಲು ಕುಳಿತವರಲ್ಲಿ ಬಹುಮಂದಿ ಎಂಟು ವರ್ಷಗಳ ಹಿಂದೆ ಸಾಲಮಿಸಿನಲ್ಲಿ ಹುಟ್ಟು ಹಾಕಿದವರು, ಈಟಿ ಹಿಡಿದವರು. ಅವರು ಕುಳಿತುದು ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ. ತಲೆಯ ಮೇಲೆ, ಬೆಟ್ಟದ ನೆತ್ತಿಯಲ್ಲಿ, ಪಾರಸಿಕರು ಸುಟ್ಟ ಗುಡಿಗಳ ಹಾಳು ಹಾಗೆಯೇ ಬಿದ್ದಿತ್ತು. ಇಂದು ಲೋಕಪ್ರಸಿದ್ಧವಾಗಿರುವ ಪಾರ್ಥೆನಾನಿಗೆ ಕೈಯಿಟ್ಟುದು ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷಗಳ ಮೇಲೆ. ಇಂಥ ಸಭೆಯ ಎದುರಿಗೆ ಕವಿಯು ತೆರೆದು ತೋರಿಸಿದ್ದು ಅಥೆನ್ಸಿನ ಜಯೋತ್ಸವವನ್ನಲ್ಲ. ಪಾರಸಿಕ ರಾಜಧಾನಿಯಾದ ಸೂಸಾನಗರದಲ್ಲಿ, ಹೋದವರ ಸುದ್ದಿ ಬಾರದೆ ಕಾತರಪಡುತ್ತಿರುವ ಮುದುಕರನ್ನು.

ಆ ಮುದುಕರೇ ಮೇಳ. ಎದುರಿಗೆ ದಾರಿಯಸನ ಗೋರಿ. ದಂಡಿನೊಡನೆ ಹೋದ ನಾಯಕರ ಹೆಸರನ್ನು ಅವರು ಒಂದೊಂದಾಗಿ ಹಾಡುವರು. ಬರಿದಾದ ಹಾಸಿಗೆಯಲ್ಲಿ ಕಣ್ಣೀರಿಡುವ ಹೆಂಡಿರನ್ನು ನೆನೆಯುವರು. ರಾಜಮಾತೆಯು ಬಂದು ತನ್ನ ಕೆಟ್ಟ ಕನಸನ್ನು ಹೇಳುವಳು. ಅವಳ ಮಗನು ಇಬ್ಬರು ಹೆಂಗಸರನ್ನು ತೇರಿಗೆ ಹೂಡುತ್ತಾನೆ. ಒಬ್ಬಳು ಪಾರಸಿಕರ ಉಡುಪಿನವಳು, ಒಬ್ಬಳು ಗ್ರೀಕರ ಉಡುಪಿನವಳು. ಮೊದಲನೆಯವಳು ನೊಗಕ್ಕೆ ಹೆಗಲು ಕೊಡುತ್ತಾಳೆ, ಎರಡನೆಯವಳು ನೊಗವನ್ನು ಮುರಿದು ಅವನನ್ನು ಉರುಳಿಸುತ್ತಾಳೆ. ಇಷ್ಟರಮೇಲೆ ದೂತನು ಬರುತ್ತಾನೆ. ಫ್ರಿನಿಕಸನು ಮೊದಲಿಗೇ ಹೇಳಿಬಿಟ್ಟ ಮಾತನ್ನು ಈಸ್ಕಿಲಸನು ಕಾಲುಭಾಗ ನಾಟಕ ಕಳೆಯುವತನಕ ತಡೆದಿಟ್ಟಿರುವನು. ಪ್ರೇಕ್ಷಕರಿಗೆ ಎಲ್ಲವೂ ಗೊತ್ತು. ತಾವೇ ಮಾಡಿದ ಕೆಲಸ. ಆದರೂ ಗೊತ್ತಿಲ್ಲದವರ ಜೊತೆಗೆ ಕುಳಿತು, ಗೊತ್ತಿಲ್ಲದವರಂತೆಯೇ, ಆ ಸುದ್ದಿಗೆ ಕಾಯಬೇಕಾಯಿತು.

ದಂಡೆಲ್ಲ ಅಳಿಯಿತೆಂದು ದೂತನು ಕೂಗುವನು. ಮೇಳದವರು ಎದೆಬಡಿದುಕೊಂಡು ಅಳುವರು. ರಾಜಮಾತೆಯು ಮಾತ್ರ ಮಾತಿಲ್ಲದೆ ನಿಂತಿರುವಳು. ಬಹಳ ಹೊತ್ತಿನ ಮೇಲೆ ಬಾಯಿ ತೆರೆದು ಅವಳು ಕೇಳುವ ಮೊದಲ ಪ್ರಶ್ನೆ, ಸತ್ತವರು ಯಾರೆಂದಲ್ಲ. ಸಾಯದೆ ಉಳಿದವರು ಯಾರು ಎಂದು. ಮಗನ ಹೆಸರನ್ನು ಅವಳ ನಾಲಗೆ ಎತ್ತುವುದಿಲ್ಲ. ದೂತನಿಗೆ ಅರ್ಥವಾಗುತ್ತದೆ, ಕ್ಸರ್ಕ್ಸೀಸನು ಬದುಕಿದ್ದಾನೆಂಬುದನ್ನೇ ಅವನು ಮೊದಲು ಹೇಳುತ್ತಾನೆ. ಸುತ್ತಲೂ ಸಾವಿರಾರು ಮನೆಗಳಲ್ಲಿ ದೀಪ ಆರಿದ ಗಳಿಗೆಯಲ್ಲಿ ಒಂದು ಹೆತ್ತ ಕರುಳಿಗೆ ಬೆಳಕಾಯಿತು. ಅದಕ್ಕೆ ಅವಳು ನಾಚುವುದೂ ಇಲ್ಲ. ರಾಣಿಯ ಮಾತೆಂದು ಕೇಳಿದರೆ ಇದು ಕಠಿನವಾಗಿ ತೋರೀತು, ತಾಯಿಯ ಮಾತೆಂದು ಕೇಳಿದವರಿಗೆ ಹಾಗೆ ತೋರದು. ಎರಡು ಸಾಲಿನಲ್ಲಿ ಇಷ್ಟನ್ನು ಮಾಡಿದ ಕವಿಗೆ ಶತ್ರುವಿನ ತಾಯಿಯೂ ತಾಯಿಯೆಂಬುದು ತಿಳಿದಿತ್ತೆಂದು ಬೇರೆ ಹೇಳಬೇಕಾದುದಿಲ್ಲ.

ಬಳಿಕ ಸಾಲಮಿಸಿನ ಯುದ್ಧದ ವರ್ಣನೆ. ಕಣ್ಣಾರೆ ಕಂಡವನ ಬರೆವಣಿಗೆಯೆಂಬುದು ಪ್ರತಿಯೊಂದು ಮಾತಿನಲ್ಲಿಯೂ ಸ್ಪಷ್ಟವಾಗಿದೆ. ಇರುಳೆಲ್ಲ ನಿದ್ದೆಗೆಟ್ಟು ಕಾದ ಪಾರಸಿಕರ ಹಡಗುಗಳು, ಬೆಳಗಾಗುತ್ತಲೆ ಬಂಡೆಗಳಿಂದ ಮಾರ್ದನಿಗೊಟ್ಟ ಗ್ರೀಕರ ಯುದ್ಧಗೀತ, ಇಕ್ಕಟ್ಟಿನಲ್ಲಿ ತಮ್ಮ ಹಡಗಿಗೆ ತಮ್ಮವೇ ಹಡಗುಗಳು ಬಡಿದು ಹುಟ್ಟುಗಳು ಮುರಿದದ್ದು, ನೀರಿಗೆ ಬಿದ್ದವರನ್ನು ಬೆಸ್ತರು ಬಲೆಗೆ ಸಿಕ್ಕಿದ ಮೀನನ್ನು ಬಡಿಯುವಂತೆ ಒಡಕು ಮರದ ತುಂಡುಗಳಿಂದ ಬಡಿದದ್ದು. ಈ ಕೊನೆಯ ಚಿತ್ರವನ್ನು ನೋಡಿದಾಗ, ಬಡಿದವರ ಕೈ ಯಾರದು? ಕಲ್ಲಿನ ಇಳಿಜಾರಿನಲ್ಲಿ ಕುಳಿತು ಆಟ ನೋಡುತ್ತಿದ್ದವರದೇ. ಇನ್ನೊಂದು ವಿಶೇಷ: ನಾಟಕದಲ್ಲಿ ಹತ್ತಾರು ಪಾರಸಿಕ ವೀರರ ಹೆಸರುಗಳು ಬರುತ್ತವೆ, ಅವರು ಬಿದ್ದ ಬಗೆಯೂ ಬರುತ್ತದೆ, ಗ್ರೀಕರಲ್ಲಿ ಒಬ್ಬನ ಹೆಸರೂ ಇಲ್ಲ. ಆ ಯುದ್ಧವನ್ನು ಗೆಲ್ಲಿಸಿದ ಥೆಮಿಸ್ಟೊಕ್ಲೀಸನ ಹೆಸರು ಸಹ ಇಲ್ಲ. ಗೆದ್ದವರು ಒಂದು ಊರಾಗಿ ನಿಂತಿದ್ದಾರೆ. ಸತ್ತವರು ಒಬ್ಬೊಬ್ಬರಾಗಿ ಸತ್ತಿದ್ದಾರೆ.

ರಾಜಮಾತೆಯು ಗೋರಿಗೆ ಹಾಲು ಜೇನು ಎರೆದಾಗ ದಾರಿಯಸನ ಪ್ರೇತವು ಮೇಲೆದ್ದು ಬರುವುದು. ಕಡಲಿಗೆ ಸಂಕೋಲೆ ತೊಡಿಸಹೋದ ಮಗನ ಸೊಕ್ಕನ್ನು ಹಳಿದು, ಇನ್ನೂ ಬರಲಿರುವ ಸೋಲನ್ನು ಮುನ್ನುಡಿಯುವುದು. ಇಲ್ಲಿ ಕವಿಯು ಚರಿತ್ರೆಗೆ ನ್ಯಾಯ ಮಾಡಿಲ್ಲವೆನ್ನಬೇಕು. ಮ್ಯಾರಥಾನಿಗೆ ದಂಡನ್ನು ಕಳುಹಿಸಿದವನು ಈ ದಾರಿಯಸನೇ. ಬಾಸ್ಪೊರಸ್ ಜಲಸಂಧಿಗೆ ಸೇತುವೆ ಕಟ್ಟಿಸಿದವನೂ ಅವನೇ. ತನ್ನ ಸೋದರನ ಸಾವಿಗೆ ಕಾರಣನಾದ ಅರಸನನ್ನೇ ವಿವೇಕದ ಮೂರ್ತಿಯಾಗಿ ಮಾಡಿ, ಅಥೆನ್ಸಿನ ಜನ ಕೇಳಬೇಕಾದ ಮಾತನ್ನು ಅವನ ಬಾಯಿಂದ ಆಡಿಸಿದ್ದಾನೆ. ಹೋಗುವ ಮುನ್ನ ಪ್ರೇತವು ಹೆಂಡತಿಗೆ ಒಂದು ಸಣ್ಣ ಕೆಲಸವನ್ನು ಹೇಳುವುದು. ಮಗನು ದುಃಖದಿಂದ ಬಟ್ಟೆಯನ್ನು ಹರಿದುಕೊಂಡು ಬರುತ್ತಿದ್ದಾನೆ, ಅವನಿಗೆ ಒಳ್ಳೆಯ ಉಡುಪನ್ನು ತೆಗೆದುಕೊಂಡು ಹೋಗಿ ಸಮಾಧಾನ ಹೇಳು ಎಂದು. ಅವಳು ಒಳಗೆ ಹೋಗುವಳು. ಮತ್ತೆ ರಂಗಕ್ಕೆ ಬರುವುದಿಲ್ಲ. ಚಿಂದಿಯುಟ್ಟ ಕ್ಸರ್ಕ್ಸೀಸನು ಬಂದು ಮುದುಕರೊಡನೆ ಅಳುವುದರಲ್ಲಿ ನಾಟಕ ಮುಗಿಯುವುದು. ತಾಯಿಯ ಕೈಯ ಉಡುಪು ಅವನ ಮೈಗೆ ಏರಲೇ ಇಲ್ಲ.

ಈ ನಾಟಕಕ್ಕೆ ಮೊದಲನೆಯ ಬಹುಮಾನ ಬಂದಿತು. ಸ್ವಂತದ ದುಃಖವನ್ನು ತೋರಿಸಿದವನಿಗೆ ದಂಡ ಹಾಕಿದ ಊರು ಹಗೆಯ ದುಃಖವನ್ನು ತೋರಿಸಿದವನಿಗೆ ಮಾಲೆ ಹಾಕಿತು. ಇದನ್ನು ಕರುಣೆಯೆನ್ನಬೇಕೋ, ಸೋತವರ ಅಳುವನ್ನು ಕೇಳಿ ಹಿಗ್ಗಿದ್ದೆನ್ನಬೇಕೋ ಎಂಬ ವಾದವು ಇನ್ನೂ ತೀರಿಲ್ಲ. ವಿನೋದಕವಿ ಅರಿಸ್ಟೊಫೇನೀಸನು ಕ್ರಿ. ಪೂ. ೪೦೫ರಲ್ಲಿ ಆಡಿಸಿದ ‘ಕಪ್ಪೆಗಳು’ ಎಂಬ ನಾಟಕದಲ್ಲಿ, ಪಾತಾಳದಲ್ಲಿರುವ ಈಸ್ಕಿಲಸನು ಈ ಕೃತಿಯಿಂದ ಜನರಿಗೆ ಶತ್ರುಗಳನ್ನು ಗೆಲ್ಲುವ ಹಂಬಲವನ್ನು ಕಲಿಸಿದೆನೆಂದು ಹೆಮ್ಮೆಪಟ್ಟುಕೊಳ್ಳುವನು. ಎಡ್ವರ್ಡ್ ಸಯ್ದ್ ಎಂಬ ವಿದ್ವಾಂಸನು ೧೯೭೮ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥದಲ್ಲಿ, ಪೂರ್ವದೇಶದವರ ಬಾಯಲ್ಲಿ ಪಶ್ಚಿಮದವರು ತಮ್ಮ ಮಾತನ್ನೇ ಆಡಿಸುವ ಪದ್ಧತಿಗೆ ಇದನ್ನು ಅತಿ ಹಳೆಯ ಉದಾಹರಣೆಗಳಲ್ಲೊಂದಾಗಿ ಎತ್ತಿಕೊಂಡಿದ್ದಾನೆ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಸೂಸಾನಗರದ ಮುದುಕರು ಗ್ರೀಕರ ದೇವತೆಗಳ ಹೆಸರು ಹೇಳುತ್ತಾರೆ; ಅರಸಿಯ ಕಾಲಿಗೆ ಬೀಳುವುದು, ಚಿನ್ನದ ವೈಭವ, ಹಿಡಿತವಿಲ್ಲದ ಗೋಳಾಟ, ಇವೆಲ್ಲ ಅಥೆನ್ಸಿನವನ ಕಣ್ಣಿಗೆ ಕಂಡ ಪಾರಸಿಕರೇ. ಆದರೆ ಹಿಗ್ಗಬೇಕಾಗಿದ್ದ ಕವಿಗೆ ಆ ತಾಯಿಯ ಮೌನ ಬೇಕಾಗಿರಲಿಲ್ಲ, ಆ ಉಡುಪೂ ಬೇಕಾಗಿರಲಿಲ್ಲ.

ಕನ್ನಡಿಗರಿಗೆ ಈ ವಾದವು ಅಷ್ಟೇನೂ ಹೊಸದಾಗಿ ತೋರದು. ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡಿ ಕಾವ್ಯ ಕಟ್ಟಿದ ರನ್ನನು, ಭೀಮನ ಹಗೆಯಾದ ದುರ್ಯೋಧನನು ರಣರಂಗದಲ್ಲಿ ತನ್ನವರ ಹೆಣಗಳನ್ನು ಕಂಡು ಮರುಗುವುದನ್ನೂ, ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿಯುವುದನ್ನೂ ಮರೆಯಲಾಗದಂತೆ ಬರೆದಿಟ್ಟನು. ಗೆದ್ದವನ ಅನ್ನವುಂಡ ಕವಿಯ ಮನಸ್ಸು ಸೋತವನ ಬಳಿಗೆ ಹೋಯಿತು. ರನ್ನನ ಆ ಕಾವ್ಯವನ್ನು ೧೯೨೬ರಲ್ಲಿ ‘ಗದಾಯುದ್ಧ ನಾಟಕಂ’ ಎಂದು ರುದ್ರನಾಟಕವಾಗಿ ಮಾರ್ಪಡಿಸಿದ ಬಿ. ಎಂ. ಶ್ರೀಕಂಠಯ್ಯನವರು, ಸೊಫೊಕ್ಲೀಸನ ನಾಟಕದ ಅಚ್ಚಿನಲ್ಲಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ಬರೆದು, ೧೯೩೫ರಲ್ಲಿ ಈ ‘ಪಾರಸಿಕರು’ ನಾಟಕವನ್ನೇ ಕನ್ನಡಕ್ಕೆ ತಂದುದು ಆಕಸ್ಮಿಕವಲ್ಲ. ಮೂರರಲ್ಲಿಯೂ ರಂಗದ ನಡುವೆ ನಿಂತವನು ಸೋತವನು.

‘ಪಾರಸಿಕರು’ ಬಂದ ಕಾಲಕ್ಕೆ ಅಥೆನ್ಸೇ ಇತರ ಊರುಗಳಿಂದ ಕಪ್ಪ ತೆಗೆದುಕೊಳ್ಳಲು ಮೊದಲುಮಾಡಿತ್ತು. ಪಾರಸಿಕರನ್ನು ತಡೆಯುವುದಕ್ಕೆಂದು ಕೂಡಿಕೊಂಡ ಒಕ್ಕೂಟವು ಬರಬರುತ್ತ ಅಥೆನ್ಸಿನ ಸಾಮ್ರಾಜ್ಯವಾಯಿತು. ಕ್ರಿ. ಪೂ. ೪೬೦ರ ಸುಮಾರಿನ ಒಂದು ಶಿಲಾಲೇಖವು ಈಗ ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅಥೆನ್ಸಿನ ಹತ್ತು ಬಳಗಗಳಲ್ಲಿ ಒಂದೇ ಬಳಗದವರು ಒಂದೇ ವರ್ಷದಲ್ಲಿ ಸೈಪ್ರಸ್, ಈಜಿಪ್ಟ್, ಫಿನೀಷಿಯ, ಈಜಿನ, ಮೆಗರ ಮೊದಲಾದ ಕಡೆಗಳಲ್ಲಿ ಮಡಿದವರ ಪಟ್ಟಿ ಅದು; ನೂರೈವತ್ತಕ್ಕೂ ಮಿಕ್ಕ ಹೆಸರುಗಳು, ತಂದೆಯ ಹೆಸರಿಲ್ಲ, ಒಂದರ ಕೆಳಗೊಂದು. ಸೂಸಾನಗರಕ್ಕೆ ಬಂದ ದೂತನು ಓದಿಹೇಳಿದ ಪಟ್ಟಿಯಂತೆಯೇ ಇದೂ.

ಆ ಕಲ್ಲನ್ನು ಕೆತ್ತಿ ಹೆಚ್ಚು ಕಾಲವಾಗುವುದಕ್ಕೆ ಮೊದಲೇ, ಕ್ರಿ. ಪೂ. ೪೫೮ರಲ್ಲಿ, ಈಸ್ಕಿಲಸನು ತನ್ನ ಮಹಾಕೃತಿಯಾದ ‘ಒರೆಸ್ಟಿಯ’ ನಾಟಕತ್ರಯವನ್ನು ಆಡಿಸಿದನು. ಟ್ರಾಯ್ ಪಟ್ಟಣವನ್ನು ಸುಟ್ಟು ಗೆದ್ದುಬಂದ ಅಗಮೆಮ್ನನನ ಕಥೆ. ಈ ಸಲ ಗೆದ್ದವರು ಗ್ರೀಕರೇ; ಆದರೂ ಮೇಳದ ಮುದುಕರ ಹಾಡಿನಲ್ಲಿ ಸಂತೋಷವಿಲ್ಲ. ಯುದ್ಧದೇವತೆಯನ್ನು ಅವರು ಹೆಣಗಳ ವ್ಯಾಪಾರ ಮಾಡುವ ಚಿನಿವಾರನಿಗೆ ಹೋಲಿಸುವರು: ಮನೆಯಿಂದ ಕಳುಹಿಸಿದ್ದು ಗಂಡಸನ್ನು, ತೂಗಿ ತಿರುಗಿ ಕೊಟ್ಟದ್ದು ಗಡಿಗೆಯಲ್ಲಿ ತುಂಬಿದ ಬೂದಿಯನ್ನು. ಗೆಲವಿನ ರಥದಲ್ಲಿ ಸೆರೆಯಾಳಾಗಿ ಬಂದ ಟ್ರಾಯ್ ದೊರೆಯ ಮಗಳು ಕಸಾಂಡ್ರಳು ಯಾರು ಮಾತಾಡಿಸಿದರೂ ಬಾಯಿಬಿಡದೆ ನಿಂತಿದ್ದು, ಕಡೆಗೆ ಒಮ್ಮೆಗೇ ಕೂಗಿಕೊಳ್ಳುವಳು. ಮಾತಿಲ್ಲದವರನ್ನು ಬಹಳ ಹೊತ್ತು ರಂಗದ ಮೇಲೆ ನಿಲ್ಲಿಸುವ ಈ ಉಪಾಯಕ್ಕಾಗಿ ಅರಿಸ್ಟೊಫೇನೀಸನು ನಗೆಯಾಡಿದ್ದಾನೆ, ನಗುವವರಿಗೆ ಅಡ್ಡಿಯಿಲ್ಲ. ಮೂರನೆಯ ನಾಟಕದಲ್ಲಿ, ತಾಯಿಯನ್ನು ಕೊಂದ ಮಗನನ್ನು ಬೆನ್ನಟ್ಟಿ ಬಂದ ಸೇಡಿನ ದೇವತೆಗಳು ಅಥೆನ್ಸಿನ ನ್ಯಾಯಸಭೆಯಲ್ಲಿ ಸೋಲುವರು. ಮತಗಳು ಎರಡು ಕಡೆಗೂ ಸಮಸಮ. ಸೋತವರನ್ನು ಊರಿನಿಂದ ಅಟ್ಟಲಿಲ್ಲ. ಅಥೀನಾದೇವಿಯು ತಾಳ್ಮೆಯಿಂದ ಮತ್ತೆ ಮತ್ತೆ ಬೇಡಿ, ಅವರ ಕೋಪವನ್ನಿಳಿಸಿ, ಊರಿನ ನೆಲದಡಿಯಲ್ಲಿಯೇ ನೆಲೆ ಕೊಟ್ಟು, ಕೆಂಪು ವಸ್ತ್ರ ಹೊದಿಸಿ, ದೀವಟಿಗೆಗಳೊಡನೆ ಮೆರವಣಿಗೆಯಲ್ಲಿ ಕಳುಹಿಸುವಳು.

ಈ ನಾಟಕವನ್ನು ಆಡಿಸಿ ಮತ್ತೊಮ್ಮೆ ಜಯಗಳಿಸಿದ ಕವಿಯು ಸಿಸಿಲಿಗೆ ಹೋದನು. ಹಿಂದೆ ಸಿರಾಕ್ಯೂಸಿನ ಅರಸನು ಕರೆಸಿಕೊಂಡಿದ್ದಾಗ ಕಂಡ ದ್ವೀಪವೇ. ಬಟ್ಟಬೋಳಾದ ಅವನ ತಲೆಯನ್ನು ಬಂಡೆಯೆಂದು ಬಗೆದು ಹದ್ದೊಂದು ಆಮೆಯನ್ನು ಮೇಲಿನಿಂದ ಎತ್ತಿಹಾಕಿತೆಂದೂ, ಅದರಿಂದ ಸತ್ತನೆಂದೂ ಕಥೆ ಕಟ್ಟಿದವರುಂಟು. ಕವಿಗಳ ಸಾವಿನ ವಿಚಾರದಲ್ಲಿ ಜನರ ಕಲ್ಪನೆಗೆ ಕೊನೆಯೆಲ್ಲಿ? ಉಳಿದು ಬಂದ ನಾಟಕಗಳು ಏಳು. ಅವುಗಳಲ್ಲಿ ‘ಪ್ರೊಮೀಥಿಯಸ್’ ಅವನದಲ್ಲವೆಂದು ಇಂದಿನ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಸತ್ತ ಮೇಲೆ ಅವನ ನಾಟಕಗಳನ್ನು ಆಡಿಸಬಯಸಿದವರಿಗೆ ಮೇಳವನ್ನು ಕೊಡತಕ್ಕದ್ದೆಂದು ಅಥೆನ್ಸಿನ ಜನ ಗೊತ್ತುಮಾಡಿದರೆಂದು ಹೇಳಿಕೆಯುಂಟು.

ಕ್ರಿ. ಪೂ. ೪೧೫ರಲ್ಲಿ ಅದೇ ಜನ ದೊಡ್ಡ ನೌಕಾಬಲವನ್ನು ಸಜ್ಜುಗೊಳಿಸಿ ಸಿಸಿಲಿಯನ್ನು ಗೆಲ್ಲಲು ಕಳುಹಿಸಿದರು. ಎರಡು ವರ್ಷಗಳ ಮೇಲೆ ಆ ಹಡಗುಗಳು ಸಿರಾಕ್ಯೂಸಿನ ಬಂದರಿನ ಇಕ್ಕಟ್ಟಿನಲ್ಲಿ ಸಿಕ್ಕಿ, ಸಾಲಮಿಸಿನಲ್ಲಿ ಪಾರಸಿಕರ ಹಡಗುಗಳು ಒಡೆದಂತೆಯೇ ಒಡೆದುವು. ಸೆರೆಸಿಕ್ಕಿದವರು ಏಳು ಸಾವಿರಕ್ಕೆ ಕಡಮೆಯಿಲ್ಲವೆಂದು ಥುಸಿಡಿಡೀಸನು ಬರೆಯುತ್ತಾನೆ. ಅವರನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಿದರು. ಸುದ್ದಿ ಅಥೆನ್ಸಿಗೆ ಬಂದಾಗ, ತಪ್ಪಿಸಿಕೊಂಡು ಬಂದ ಸೈನಿಕರೇ ಬಾಯಾರೆ ಹೇಳಿದರೂ, ಜನರು ಬಹಳ ಹೊತ್ತು ನಂಬಲಿಲ್ಲವಂತೆ. ಆ ಯುದ್ಧದಲ್ಲಿ ಅಥೆನ್ಸಿನ ಮೇಲೆ ಸಿರಾಕ್ಯೂಸಿಗೆ ನೆರವು ಕಳುಹಿಸಿದ ಊರುಗಳ ಪಟ್ಟಿಯನ್ನೂ ಅವನು ಕೊಟ್ಟಿದ್ದಾನೆ. ಐದು ಹಡಗಿನ ನಾವಿಕರು, ನಾಲ್ಕು ನೂರು ಮಂದಿ ಈಟಿಯೆಸೆಯುವವರು, ಇನ್ನೂರು ಕುದುರೆಸವಾರರು. ಇದಿಷ್ಟು ಗೆಲದಿಂದ ಬಂದುದು. ಅಥೆನ್ಸಿನ ಯೂಫೋರಿಯನನ ಮಗನು ಆಗ್ಗೆ ನಲವತ್ತು ವರ್ಷಗಳಿಂದ ಆ ಊರಿನ ಮಣ್ಣಿನಲ್ಲಿ ಮಲಗಿದ್ದನು.